ಗಾಜಿನ ಮೇಲಿನ ಗಡ್ಡೆ

ಕುಬಿಹಾಳದ ಕುಬೇರಪ್ಪ ತನ್ನ ಗಡ್ಡೆಯನ್ನು ವಾಪಸು ಕೇಳಲು ಬಂದದ್ದು ಎಪ್ಪತ್ತೈದನೆಯ ಇಸವಿಯ ಜನವರಿಯಲ್ಲಿ, ಒಂದು ಗುರುವಾರ ಬೆಳಿಗ್ಗೆ. ವಾಪಸು ಕೇಳುವುದಕ್ಕೆ ಅದೇನು ಮರೆತು ಬಿಟ್ಟುಹೋದ ಕೊಡೆಯಲ್ಲ. ಹದಿನೈದು ದಿನ ಮುಂಚೆ ನಮ್ಮ ದವಾಖಾನೆಯಲ್ಲಿ ಅವನ ಎಡಹೆಗಲಿನ ಕೆಳಗಿನಿಂದ ಕೊಯ್ದು ತೆಗೆದ, ದೊಡ್ಡ ಲಿಂಬೆಹಣ್ಣಿನಷ್ಟಿದ್ದ ಗಡ್ಡೆ. ಅಂಥದ್ದನ್ನು ತೆಗೆಸಿಕೊಂಡು ಹೋದವರು ಮತ್ತೆ ನೆನೆಯುವುದೂ ಇಲ್ಲ. ಕುಬೇರಪ್ಪ ಮಾತ್ರ ಅದನ್ನು ಒಯ್ಯಲು ಡಬ್ಬಿ ಹಿಡಿದುಕೊಂಡು ಬಂದಿದ್ದ.

ನಾನು ಗುಲಾಮಹುಸೇನ. ಕುಂದಗೋಳದ ಸ್ಟೇಶನ್ ರಸ್ತೆಯಲ್ಲಿದ್ದ ಆ ಟ್ರಸ್ಟಿನ ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿದ್ದೆ. ನಮ್ಮಲ್ಲಿ ಮಾಂಸವನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ಯುವ ಒಂದು ಯಂತ್ರವಿತ್ತು. ಯಾರೋ ಪುಣ್ಯಾತ್ಮರು ತಾಯಿಯ ನೆನಪಿಗೆ ದಾನ ಕೊಟ್ಟಿದ್ದರು. ಹಣ್ಣು ಹೆಚ್ಚುವ ಯಂತ್ರವೆಂದು ತಿಳಿದಿದ್ದರೋ ಏನೋ. ಪ್ರತಿ ಗುರುವಾರ ಮಧ್ಯಾಹ್ನ ಹುಬ್ಬಳ್ಳಿಯಿಂದ ಒಬ್ಬ ಡಾಕ್ಟರು ಬಂದು, ನಾನು ಕೊಯ್ದು ಬಣ್ಣ ಹಾಕಿಟ್ಟ ಗಾಜುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ಬರೆದು, ಚಹಾ ಕುಡಿದು ಹೋಗುತ್ತಿದ್ದರು. ಹೆಸರೆಲ್ಲ ಅವರದು. ಆದರೆ ಬಣ್ಣ ನನ್ನದು. ನನ್ನ ತಾಯಿ ಖಾದರಬಿ ನವಲಗುಂದದಲ್ಲಿ ಜಮಖಾನೆ ನೇಯುವವಳು, ನೂಲಿಗೆ ತಾನೇ ಬಣ್ಣ ಹಾಕುವವಳು. ಪಟಿಕದ ನೀರಿಗೆ ಅದ್ದದ ನೂಲು ಬಣ್ಣ ಕುಡಿದಂತೆ ಮಾಡಿ ಮೊದಲ ಒಗೆತದಲ್ಲೇ ಉಗುಳುತ್ತದೆ ಎಂಬುದನ್ನು ನಾನು ಅವಳ ಹಂಡೆಯ ಬಾಜು ನಿಂತು ಕಲಿತವ. ದವಾಖಾನೆಯಲ್ಲಿ ಅದೇ ಪಟಿಕ, ಅದೇ ಅದ್ದುವುದು, ಅದೇ ತೊಳೆಯುವುದು. ನೂಲಿನ ಬದಲು ಮನುಷ್ಯ, ಅಷ್ಟೇ.

ಕುಬೇರಪ್ಪ ಬಾಗಿಲಲ್ಲಿ ನಿಂತು, ಅಂಗಡಿಯಲ್ಲಿ ಕೇಳುವ ಹಾಗೆ ಕೇಳಿದ.

“ಸಾಬ್ರ, ನನ್ನ ಗಡ್ಡಿ ಕೊಡ್ರಿ. ಹನ್ನೊಂದರ ಬಸ್ಸಿಗೆ ಹೋಗಬೇಕು.”

ವರದಿ ಕೇಳುತ್ತಿದ್ದಾನೆಂದು ತಿಳಿದು ಕಾಗದ ಕೊಟ್ಟೆ. ಬರೀ ಕೊಬ್ಬಿನ ಗಡ್ಡೆ, ಏನೂ ಭಯವಿಲ್ಲ ಎಂದು ಡಾಕ್ಟರು ಬರೆದಿದ್ದಾರೆ ಅಂತಲೂ ಹೇಳಿದೆ. ಬೇರೆಯವರಾಗಿದ್ದರೆ ಅಲ್ಲೇ ಕೈ ಮುಗಿಯುತ್ತಿದ್ದರು. ಇವನು ಕಾಗದವನ್ನು ಓದದೆ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದ.

“ಸಾಯತೀನೋ ಇಲ್ಲೋ ಅಂತ ಕೇಳಾಕ ಬಂದಿಲ್ರಿ. ಸಾಯೋದಂತೂ ಐತಿ. ಸತ್ತಾಗ ನಂದೆಲ್ಲಾ ನನ್ನ ಹಂತೇಕ ಇರಬೇಕು.”

ಆಮೇಲೆ ಡಬ್ಬಿ ತೆರೆದು ತೋರಿಸಿದ. ಎಲೆ ಅಡಿಕೆ ಇಡುವ ಉದ್ದನೆಯ ಹಿತ್ತಾಳೆ ಡಬ್ಬಿ. ಅದರಲ್ಲಿ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ಹನ್ನೊಂದು ಹಲ್ಲು, ಎತ್ತು ತುಳಿದು ಕಿತ್ತುಹೋದ ಒಂದು ಹೆಬ್ಬೆರಳ ಉಗುರು, ಮೇವು ಕತ್ತರಿಸುವಾಗ ತುಂಡಾಗಿದ್ದ ಎಡಗೈ ಕಿರುಬೆರಳಿನ ತುದಿ. ಬೆರಳು ಒಣಗಿ ಲವಂಗದಂತಾಗಿತ್ತು. ಹೊಲದ ಬದುವಿನಲ್ಲಿ ಬನ್ನಿಗಿಡದ ಬಾಜು ತನ್ನದೊಂದು, ಹೆಂಡತಿಯದೊಂದು ಜಾಗ ಗುರುತು ಮಾಡಿ ಕಲ್ಲಿಟ್ಟಿದ್ದಾನಂತೆ. ಸತ್ತ ಮೇಲೆ ಅಲ್ಲಿ ಅವನನ್ನು ಕೂಡ್ರಿಸಿ ಮಣ್ಣು ಕೊಡುವಾಗ ಈ ಡಬ್ಬಿಯನ್ನು ತೊಡೆಯ ಮೇಲೆ ಇಡಬೇಕೆಂದು ಮಕ್ಕಳಿಗೆ ಹೇಳಿಯಾಗಿದೆ.

ಇದಕ್ಕೊಂದು ಕಾರಣವಿತ್ತು. ಅವನ ಅಜ್ಜನ ಬಲಗಾಲು ಕುಂದಗೋಳದ ಹಳಿಯ ಮೇಲೆ ಗಾಡಿಗೆ ಸಿಕ್ಕು ಹೋಯಿತು. ಕಾಲು ಎಲ್ಲಿಯೋ ಉಳಿಯಿತು, ಅಜ್ಜ ಆರು ವರ್ಷದ ಮೇಲೆ ಸತ್ತ, ಒಂದೇ ಕಾಲಿನಲ್ಲಿ ಮಣ್ಣಾದ. ಅಂದಿನಿಂದ ಮನೆಯ ಗಂಡಸರ ಕನಸಿನಲ್ಲಿ ಅಜ್ಜ ಬಂದು ಹೊಸ್ತಿಲಾಚೆ ಒಂಟಿ ಕಾಲಲ್ಲಿ ನಿಲ್ಲುತ್ತಾನೆ, ಬಾಗಿಲು ಬಡಿಯುತ್ತಾನೆ, ಯಾರೂ ತೆರೆಯುವುದಿಲ್ಲ. ಕುಬೇರಪ್ಪನಿಗೆ ಹನ್ನೆರಡನೆಯ ವಯಸ್ಸಿನಿಂದ ಈ ಕನಸು. ಜಗತ್ತಿನಲ್ಲಿ ಅವನಿಗೆ ಇದ್ದ ಭಯ ಇದೊಂದೇ: ತಾನೂ ಹೀಗೆ ಅರೆಬರೆಯಾಗಿ ಹೋಗಿ, ಯಾರದೋ ಬಾಗಿಲಲ್ಲಿ ನಿಲ್ಲಬೇಕಾದೀತು ಎಂಬುದು.

ಈಗ ತಪ್ಪು ಮಾಡಿದವನು ನಾನು. ಕೇಳಿದ್ದಕ್ಕೆ ಅವನ ಗಡ್ಡೆಯ ನಾಲ್ಕು ಗಾಜು ಕೈಗಿಟ್ಟು ಕಳಿಸಬೇಕಿತ್ತು. ಆದರೆ ಒಂಬತ್ತು ವರ್ಷದ ನೌಕರಿಯಲ್ಲಿ ನನ್ನ ಕೆಲಸವನ್ನು ಒಬ್ಬರೂ ವಿಚಾರಿಸಿರಲಿಲ್ಲ, ನನಗೆ ಹೇಳಿಕೊಳ್ಳುವ ಹುಚ್ಚು. ಕೂಡ್ರಿಸಿ ಹೇಳಿದೆ. ನಿಮ್ಮ ಗಡ್ಡೆ ಈಗ ಗಡ್ಡೆಯಾಗಿಲ್ಲ ಕುಬೇರಪ್ಪನವರ, ಅದನ್ನು ಮೊದಲು ಕೆಡದಂತೆ ಔಷಧದಲ್ಲಿ ಇಟ್ಟೆ, ಆಮೇಲೆ ನೀರಿನಂಶ ತೆಗೆಯಲು ಸ್ಪಿರಿಟ್ಟಿನಲ್ಲಿ ಇಟ್ಟೆ, ಮೊದಲು ಸೌಮ್ಯ, ಆಮೇಲೆ ಕಡಕ್, ಕಡೆಗೆ ಅಗದಿ ಶುದ್ಧ, ಹೀಗೆ ಏಳು ಬಾಟಲಿ. ಆಮೇಲೆ ಮೇಣದಲ್ಲಿ ಹುದುಗಿಸಿ, ಯಂತ್ರದಲ್ಲಿ ಪೊರೆ ಪೊರೆಯಾಗಿ ಕೊಯ್ದು, ಗಾಜಿನ ಮೇಲೆ ಅಂಟಿಸಿ, ನೇರಳೆ ಬಣ್ಣ, ಗುಲಾಬಿ ಬಣ್ಣ. ಯಾರಿಗೇ ಆಗಲಿ ನಾಲ್ಕು ಗಾಜು, ಅದು ನನ್ನ ಪದ್ಧತಿ.

ಸ್ಪಿರಿಟ್ ಅಂದರೇನು ಎಂದು ಕೇಳಿದ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಸೆರೆಯ ಜಾತಿಯದೇ, ಅದಕ್ಕಿಂತ ಕಡಕ್ ಎಂದೆ. ಗಾಜಿಗೆ ಹೇಗೆ ಅಂಟಿತು ಎಂದು ಕೇಳಿದ. ತತ್ತಿಯ ಬಿಳಿಯ ಲೋಳೆ ಸವರಿ ಎಂದೆ.

ಕುಬೇರಪ್ಪ ಬೆಂಚಿನ ಮೇಲೆ ಹಿಂದಕ್ಕೆ ಸರಿದ. ಅವನು ಶಿವಭಕ್ತರ ಮನೆಯವ. ಸರಕಾರ ಸೆರೆ ಅಂಗಡಿ ತೆರೆಸಿದ ಮೇಲೆ ಸಂತೆಗೆ ಸುತ್ತುದಾರಿಯಲ್ಲಿ ಹೋಗುವವ. ತತ್ತಿ ಮಾರುವವರ ಬುಟ್ಟಿ ಇರುವ ಬಸ್ಸನ್ನು ಹತ್ತದೆ ಮುಂದಿನ ಬಸ್ಸಿಗೆ ಕಾಯುವವ. ಬಹಳ ಹೊತ್ತು ತನ್ನ ಡಬ್ಬಿಯನ್ನೇ ನೋಡಿದ.

“ಅರವತ್ತೆಂಟು ವರ್ಷ ನಾ ಕಾಯ್ಕೊಂಡು ಬಂದದ್ದನ್ನ, ಅದು ಹದಿನೈದು ದಿನದಾಗ ಕಳೀತಲ್ರಿ,” ಎಂದ.

ಗಡ್ಡೆ ಒಯ್ಯದೆ ಎದ್ದು ಹೋದ. ಅವನ ಸಂಕಟ ನನಗೆ ಆಮೇಲೆ ಪೂರ್ತಿ ತಿಳಿಯಿತು. ಬಿಟ್ಟು ಹೋದರೆ ಅಜ್ಜನಂತೆ ಅರೆಬರೆ. ಒಯ್ದರೆ, ಏಳು ಬಾಟಲಿ ಸೆರೆ ಕುಡಿದು ತತ್ತಿಯ ಮೇಲೆ ಮಲಗಿದ್ದನ್ನು ತೊಡೆಯ ಮೇಲಿಟ್ಟುಕೊಂಡು ಶಿವನೆದುರು ಕೂಡ್ರಬೇಕು. ಆದರೆ ಅಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಧ್ಯಾಹ್ನ ಡಾಕ್ಟರಿಗೆ ಹೇಳಿದಾಗ ಅವರು ನಗಲಿಲ್ಲ, ಚಹಾ ತಣ್ಣಗಾಗಿದೆ ಎಂದರು. ಗಾಜು ಬೇಕಾದರೆ ಕೊಡು, ಆದರೆ ಡ್ರಾವರಿನ ಖಾನೆ ಖಾಲಿ ಇರಬಾರದು ಎಂದು ತಾಕೀತು ಮಾಡಿದರು. ಪ್ರತಿ ಮಾರ್ಚಿನಲ್ಲಿ ಟ್ರಸ್ಟಿನ ಒಬ್ಬ ಮನುಷ್ಯ ಬಂದು ಡ್ರಾವರು ಎಳೆದು ಗಾಜು ಎಣಿಸುತ್ತಿದ್ದ. ಗಾಜಿನ ಮೇಲೆ ಏನಿದೆ ಎಂದು ಅವನು ಎಂದೂ ಕೇಳಿದವನಲ್ಲ. ಖಾನೆ ತುಂಬಿದ್ದರೆ ಅವನ ಆತ್ಮಕ್ಕೆ ಶಾಂತಿ. ನಾನು ಸಂಜೆ ಬಾಷಾಸಾಬನ ಮಟನ್ ಅಂಗಡಿಗೆ ಹೋಗಿ ಆಡಿನ ಬೆನ್ನಿನ ಒಂದು ತುಂಡು ತಂದೆ. ಕುಬೇರಪ್ಪ ಮನಸ್ಸು ಬದಲಿಸಿದರೆ ಅವನ ಖಾನೆಯಲ್ಲಿ ಕೂಡಲು ಆಡು ತಯಾರಿರಲಿ ಎಂದು ಅದನ್ನೂ ಕೊಯ್ದು, ಬಣ್ಣ ಹಾಕಿ, ನಾಲ್ಕು ಗಾಜು ಮಾಡಿಟ್ಟೆ. ಹೇಳಬಾರದು, ಆಡಿನ ಕೊಬ್ಬಿಗೂ ಕುಬೇರಪ್ಪನ ಕೊಬ್ಬಿಗೂ ನನಗೇ ಫರಕು ಕಾಣಲಿಲ್ಲ.

ಮುಂದಿನ ಗುರುವಾರ ಅವನು ಒಬ್ಬನೇ ಬರಲಿಲ್ಲ. ಜೊತೆಗೆ ಹೆಂಡತಿ ಗೌರಕ್ಕ, ಊರ ಮಠದ ಅಯ್ಯನವರು. ಅಯ್ಯನವರಿಗೆ ಎಪ್ಪತ್ತು ದಾಟಿತ್ತು. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿದ್ದರು. ಹತ್ತು ಹಳ್ಳಿಯ ಬದುವಿನ ಜಗಳ ಬಗೆಹರಿಸಿದವರು. ನನ್ನ ಲ್ಯಾಬಿನಲ್ಲಿದ್ದ ಒಂದೇ ಒಂದು ಸ್ಟೂಲಿನ ಮೇಲೆ ಕುಳಿತು, ಯಂತ್ರ, ಬಾಟಲಿ, ಗಾಜು ಎಲ್ಲವನ್ನೂ ಒಮ್ಮೆ ನೋಡಿ, ವಿಚಾರಣೆ ಶುರು ಮಾಡಿದರು. ಕುಬೇರಪ್ಪ ಬೆಂಚಿನ ಮೇಲೆ ಆರೋಪಿಯ ಅಣ್ಣನಂತೆ ಕುಳಿತ. ಗೌರಕ್ಕ ಬಾಗಿಲ ಬಳಿ, ಕೈತೊಳೆಯುವ ತೊಟ್ಟಿಯ ಪಕ್ಕ, ಬುತ್ತಿಗಂಟು ಹಿಡಿದು ನಿಂತಳು. ಕೂಡ್ರಿ ಎಂದರೂ ಕೂಡ್ರಲಿಲ್ಲ.

ಅಯ್ಯನವರು ಮೊದಲು ಸ್ಪಷ್ಟ ಮಾಡಿದ್ದು, ಹಲ್ಲು ಉಗುರು ಕೂಡಿಸಿಟ್ಟು ಮಣ್ಣು ಮಾಡಬೇಕೆಂದು ಎಲ್ಲೂ ಬರೆದಿಲ್ಲ ಎಂಬುದನ್ನು. ಇದು ಕುಬೇರಪ್ಪನ ಸ್ವಂತ ಹಟ. ಆದರೆ ಹಟವೂ ಒಂದು ಆಸ್ತಿ, ಅದರ ವ್ಯಾಜ್ಯವನ್ನೂ ಯಾರಾದರೂ ಬಗೆಹರಿಸಬೇಕು. ಹಾಗೆಂದು ನನ್ನ ಕಡೆ ತಿರುಗಿ, ಆ ಗಡ್ಡೆಗೆ ಬಾಯಿ ಇತ್ತೇ ಎಂದು ಕೇಳಿದರು.

ಇಲ್ಲ ಎಂದೆ. ಹಾಗಾದರೆ ಹೇಗೆ ಕುಡಿಯಿತು? ಸುತ್ತ ಎಲ್ಲ ಕಡೆಯಿಂದ ಒಳಗಿಳಿಯುತ್ತದೆ ಎಂದೆ. ಮನುಷ್ಯನಲ್ಲಿ ಬೇರೆ ಬೇರೆ ನಮೂನೆ ಮಾಂಸ ಇರುತ್ತದಲ್ಲ, ಅದರಲ್ಲಿ ಯಾವುದು ಕುಡಿಯಿತು ಎಂದು ಕೇಳಿದರು. ನಾನು ನಾಲ್ಕು ಬೆರಳು ಎತ್ತಿ ಹೇಳಿದೆ: ಮೈಯೆಲ್ಲ ನಾಲ್ಕೇ ನಮೂನೆ ಅಂಗಾಂಶ. ಹೊರಗೂ ಒಳಗೂ ಹೊದಿಸಿದ್ದು ಒಂದು, ಎಲ್ಲವನ್ನೂ ಹಿಡಿದು ಕೂಡಿಸಿದ್ದು ಒಂದು, ಎಳೆಯುವ ಸ್ನಾಯು ಒಂದು, ಸುದ್ದಿ ಮುಟ್ಟಿಸುವ ನರ ಒಂದು. ಕೊಬ್ಬು ಎರಡನೆಯದರ ಮನೆತನದ್ದು. ಐದನೆಯದು ಇಲ್ಲ. ಅಯ್ಯನವರು ಜಂಗಮರಿಗೂ ನಾಲ್ಕೇ ಏನು ಎಂದರು. ನಾಲ್ಕೇ ಎಂದೆ. ಸ್ವಲ್ಪ ನಿರಾಶೆಯಾದಂತೆ ಕಂಡಿತು.

ಆಮೇಲೆ ತೀರ್ಪು ಕೊಟ್ಟರು. ಬಾಯಿ ಇಲ್ಲದ್ದು ಕುಡಿಯಲಾರದು. ಆದ್ದರಿಂದ ಅದು ಕುಡಿದದ್ದಲ್ಲ, ಜಳಕ. ಸೂಜಿ ಚುಚ್ಚುವ ಮುಂಚೆ ನರ್ಸು ಕುಬೇರಪ್ಪನ ತೋಳಿಗೂ ಅದೇ ಸ್ಪಿರಿಟ್ ಒರೆಸಿದ್ದಾಳೆ, ಅಂದ ಮೇಲೆ ಅವನೂ ತುಸು ಜಳಕ ಮಾಡಿದವನೇ. ತತ್ತಿಯೂ ತಿಂದದ್ದಲ್ಲ, ಗೋಡೆಗೆ ಕ್ಯಾಲೆಂಡರು ಅಂಟಿಸುವ ಗಂಜಿಯ ಹಾಗೆ ಅಂಟಿಸಿದ್ದು. ಗಂಜಿ ಹಚ್ಚಿದ ಮಾತ್ರಕ್ಕೆ ಕ್ಯಾಲೆಂಡರು ಉಂಡಿತು ಎನ್ನಲಾಗದು.

ಕುಬೇರಪ್ಪನ ಮುಖ ತಿಳಿಯಾಯಿತು. ಆದರೆ ಅವನಲ್ಲಿ ಇನ್ನೂ ಒಂದು ಪ್ರಶ್ನೆ ಇತ್ತು, ಅದನ್ನು ನನ್ನ ಕಡೆ ನೋಡದೆ ಕಿಟಕಿಯ ಕಡೆ ನೋಡಿ ಕೇಳಿದ. ಬಣ್ಣ ಹಚ್ಚಿದ ಕೈ ಯಾರದು ಎಂಬುದು ಲೆಕ್ಕಕ್ಕೆ ಬರುತ್ತದೆಯೋ ಹೇಗೆ.

ನನಗೆ ಸಿಟ್ಟು ಬೇಗ ಬರುತ್ತದೆ. ಆ ನೇರಳೆ ಬಣ್ಣ ಒಂದು ಮರದ ತಿರುಳಿನದು, ಅದನ್ನು ಎರಡು ತಿಂಗಳು ಈ ಕಿಟಕಿಯ ಬಿಸಿಲಿನಲ್ಲಿ ಹಣ್ಣಾಗಿಸಿದ್ದೇನೆ, ಪಟಿಕ ಬೆರೆಸಿದ್ದೇನೆ, ಕುಂದಗೋಳದ ಗಡಸು ನೀರಿನಲ್ಲಿ ತೊಳೆದು ನೀಲಿಗೆ ತಂದಿದ್ದೇನೆ, ಬೇಡವಾದರೆ ಬಿಳಿಯ ಗಡ್ಡೆ ಎಲ್ಲಾದರೂ ಸಿಕ್ಕರೆ ಒಯ್ಯಿರಿ ಎಂದು ಜೋರಾಗಿಯೇ ಅಂದೆ. ಅಯ್ಯನವರು ಕೈ ಎತ್ತಿ ತಡೆದು, ನನ್ನ ಊರು ಯಾವುದು, ಯಾರ ಮಗ ಎಂದು ಕೇಳಿದರು. ಹೇಳಿದೆ.

“ನಿಮ್ಮವ್ವ ಜಮಖಾನಿ ನವಿಲಿನ ಕಣ್ಣಿಗೆ ಯಾವ ನೂಲು ಹಾಕತಾಳ?” ಎಂದರು.

“ಮೂಲ್ಯಾಗಿನ ನವಿಲಿಗೆ ಕೆಂಪು, ಉಳಿದವಕ್ಕ ಕರೇದುರಿ. ಅದು ಆಕೀ ಗುರ್ತು.”

“ಹೌದಪಾ. ನಮ್ಮ ಮಠದ ಜಮಖಾನಿ ಮೂಲ್ಯಾಗ ಕೆಂಪಗಣ್ಣಿನ ನವಿಲೈತಿ. ಮೂವತ್ತು ವರ್ಷ ಅದರ ಮ್ಯಾಲೆ ಕುಂತ ಪೂಜಾ ಮಾಡೇನಿ. ಕುಬೇರಪ್ಪ, ನೀನೂ ಅದರ ಮ್ಯಾಲೆ ಕುಂತ ಪ್ರಸಾದ ಉಂಡಿ. ಮುಂದಿಂದು ಕೇಳು.”

ಕುಬೇರಪ್ಪ ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ನನ್ನ ಸಿಟ್ಟು ಇಳಿಯಲು ಮಾತ್ರ ಸ್ವಲ್ಪ ಹೊತ್ತು ಬೇಕಾಯಿತು. ಅಯ್ಯನವರು ಶುದ್ಧಿಗೆಂದು ಗಾಜುಗಳಿಗೆ ವಿಭೂತಿ ಹಚ್ಚಲು ಹೊರಟರು. ಮಾಂಸದ ಮೇಲೆ ಹಚ್ಚಿದರೆ ಏನೂ ಕಾಣದು ಎಂದು ಕೈ ಹಿಡಿದೆ. ಕಡೆಗೆ ಚೀಟಿ ಅಂಟಿಸುವ ತುದಿಯಲ್ಲಿ, ನಂಬರಿನ ಪಕ್ಕದಲ್ಲಿ, ಮೂರು ಬೆರಳಿನ ಬದಲು ಒಂದೇ ಕಿರುಬೆರಳಿನಿಂದ ಹಚ್ಚುವುದೆಂದು ಒಪ್ಪಂದವಾಯಿತು. ನಾಲ್ಕು ಗಾಜಿಗೂ ಆಯಿತು. ವಿಭೂತಿ ಧರಿಸಿದ ಕೊಬ್ಬನ್ನು ನಾನು ಅದೇ ಮೊದಲು ನೋಡಿದ್ದು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕುಬೇರಪ್ಪನಿಗೆ ಡಬ್ಬಿಗೆ ಹಾಕುವ ಮುಂಚೆ ಒಮ್ಮೆ ನೋಡುವ ಆಸೆ. ಸೂಕ್ಷ್ಮದರ್ಶಕಕ್ಕೆ ಗಾಜು ಇಟ್ಟು, ಕನ್ನಡಿ ತಿರುಗಿಸಿ ಬೆಳಕು ಹಿಡಿದು ಕೊಟ್ಟೆ. ಬಗ್ಗಿ ನೋಡಿದ. ಬಲೆಯ ಹಾಗೆ ಬರೀ ತೂತು ಕಾಣುತ್ತವೆ, ಸುತ್ತ ಗುಲಾಬಿ ಗೆರೆ, ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆ ಎಂದ. ತನ್ನ ಕೊಬ್ಬು ಎಲ್ಲಿ ಎಂದು ಕೇಳಿದ.

ಮತ್ತೆ ನನ್ನ ಬಾಯಿ. ಕೊಬ್ಬು ಸ್ಪಿರಿಟ್ಟಿನಲ್ಲೂ ಮುಂದಿನ ಔಷಧದಲ್ಲೂ ಕರಗಿ ಹೋಗುತ್ತದೆ, ಉಳಿಯುವುದು ಅದು ಇದ್ದ ಜಾಗದ ಗೋಡೆಗಳು ಮಾತ್ರ ಎಂದು ವಿವರಿಸಿದೆ. ಕರಗಿದ್ದು ಎಲ್ಲಿಗೆ ಹೋಯಿತು? ಬಾಟಲಿ ಹಳತಾದ ಮೇಲೆ ಹಿತ್ತಲಿನ ಬೇವಿನ ಬುಡಕ್ಕೆ ಚೆಲ್ಲುತ್ತೇನೆ ಎಂದೆ. ಮೊನ್ನೆ ಸೋಮವಾರ ಚೆಲ್ಲಿದೆ ಎಂದೂ ಸೇರಿಸಿದೆ, ತಾರೀಖು ಸಹಿತ ಹೇಳುವ ದುರಭ್ಯಾಸ ನನಗೆ.

ಕುಬೇರಪ್ಪ ತಡಮಾಡಲಿಲ್ಲ. ದವಾಖಾನೆಯ ಮಾಲಿಯಿಂದ ಕಳೆ ತೆಗೆಯುವ ಕುರ್ಚಿಗೆ ಇಸಿದುಕೊಂಡು, ನನ್ನ ಲ್ಯಾಬಿನ ಕಸದ ಗೋಣಿಚೀಲವನ್ನೇ ಝಾಡಿಸಿ ತೆಗೆದುಕೊಂಡು ಹಿತ್ತಲಿಗೆ ನಡೆದ. ಅರವತ್ತೆಂಟರ ಮನುಷ್ಯ ಧೋತರ ಮೇಲೆ ಕಟ್ಟಿ ಬೇವಿನ ಬುಡ ಕೆದರಿ ಮಣ್ಣು ತುಂಬತೊಡಗಿದ. ನಾವೂ ಹಿಂದೆ ಹೋದೆವು. ಹೊರರೋಗಿಗಳ ಸಾಲಿನಲ್ಲಿದ್ದವರು ಸಾಲು ಬಿಟ್ಟು ಬಂದು ಗೋಡೆಯ ಮೇಲಿಂದ ಇಣುಕಿದರು. ಅರ್ಧ ಚೀಲ ಆಗಿದ್ದಾಗ ಅಯ್ಯನವರು ನನ್ನನ್ನು ಕೇಳಿದರು, ಇಲ್ಲಿ ಎಷ್ಟು ವರ್ಷದಿಂದ ಚೆಲ್ಲುತ್ತಿದ್ದೀ ಎಂದು. ಒಂಬತ್ತು ವರ್ಷ ಎಂದೆ. ಯಾರ ಯಾರದು? ಎಲ್ಲರದೂ ಎಂದೆ. ಸ್ಟೇಶನ್ ಮಾಸ್ತರರ ಕಂಕುಳ ಗಂಟು, ಸಂಗೀತ ಕಲಿಸುವ ಬಾಯಿಯವರ ಕರುಳಿನ ತುದಿ, ಮಟನ್ ಅಂಗಡಿ ಬಾಷಾಸಾಬನ ಕುತ್ತಿಗೆಯ ಗಡ್ಡೆ, ಇಡೀ ತಾಲೂಕಿನ ಅರ್ಧ ಮಂದಿಯದು ತುಸು ತುಸು.

ಮಣ್ಣು ಕೆದರುತ್ತಿದ್ದ ಕುರ್ಚಿಗೆ ನಿಂತಿತು. ಕುಬೇರಪ್ಪ ಚೀಲದೊಳಗೆ ನೋಡಿದ. ತನ್ನದು ಬೇಕೆಂದರೆ ಬಾಷಾಸಾಬನದನ್ನೂ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಬಿಟ್ಟರೆ ತನ್ನದೂ ಹೋಯಿತು. ಅಯ್ಯನವರನ್ನು ನೋಡಿದ. ಹತ್ತು ಹಳ್ಳಿಯ ಬದು ಬಗೆಹರಿಸಿದವರು ಈ ಬದುವನ್ನು ಬಗೆಹರಿಸಲಾರದೆ ಕನ್ನಡಕದ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದರು.

ಆಗ ಗೌರಕ್ಕ ಮಾತಾಡಿದಳು. ಅಷ್ಟು ಹೊತ್ತು ಅವಳು ಬಾಯಿ ತೆರೆದಿರಲಿಲ್ಲ. ಕೇಳಿದ್ದು ನನ್ನನ್ನು.

“ತಮ್ಮಾ, ಈ ಮಣ್ಣಾಗ ನಂದೂ ಐತೇನು?”

ಏನು ನಿಮ್ಮದು ಎಂದು ಕೇಳಿದೆ.

“ಏಳು ವರ್ಷದ ಹಿಂದ ಇದ ದವಾಖಾನಿಯೊಳಗ ನನ್ನ ಗರ್ಭಚೀಲ ತಗದಾರ. ಅದನ್ನೂ ಹಿಂಗ ಜಳಕಾ ಮಾಡ್ಸಿದ್ದೇನು ನೀ?”

ಅವಳ ದನಿಯಲ್ಲಿ ಜಗಳವಿರಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ತನ್ನ ಡಬ್ಬ ಯಾವುದು ಎಂದು ಕೇಳುವಂತೆ ಕೇಳಿದಳು. ನಾನು ಒಳಗೆ ಹೋಗಿ ಅರವತ್ತೆಂಟನೆಯ ಇಸವಿಯ ರಜಿಸ್ಟರು ತೆಗೆದೆ. ನೂರಾ ಹನ್ನೆರಡನೆಯ ನಂಬರು. ಗೌರವ್ವ ಕೋಂ ಕುಬೇರಪ್ಪ, ನಲವತ್ತೇಳು ವರ್ಷ, ಸಾಕಿನ ಕುಬಿಹಾಳ. ನನ್ನದೇ ಅಕ್ಷರ. ಕೆಳಗಿನ ಡ್ರಾವರಿನಲ್ಲಿ ನಾಲ್ಕು ಗಾಜು, ನನ್ನದೇ ಚೀಟಿ. ಅವಳನ್ನು ಕೊಯ್ದವನು ನಾನು, ಬಣ್ಣ ಹಾಕಿದವನು ನಾನು, ಒಂದು ವಾರದಿಂದ ಅವಳ ಗಂಡನ ಕೊಬ್ಬಿನ ಬಗ್ಗೆ ಊರೆಲ್ಲ ಹೇಳಿಕೊಂಡು ನಗುತ್ತಿದ್ದವನೂ ನಾನು. ಸಾವಿರಾರು ಗಾಜು ಮಾಡಿದ್ದೆ. ಅವು ಯಾರದೋ ಆಗಿದ್ದವು ಎಂದು ಒಂದು ದಿನವೂ ನನಗೆ ಅನ್ನಿಸಿರಲಿಲ್ಲ. ನಾಚಿಕೆಯಾಯಿತು.

ತಂದು ತೋರಿಸಿದಾಗ ಕುಬೇರಪ್ಪ ಮಣ್ಣು ಮೆತ್ತಿದ ಕೈಯಲ್ಲೇ ಒಳಗೆ ಬಂದು ನಿಂತಿದ್ದ.

“ಆವತ್ತ ನಾ ಅಣ್ಣಿಗೇರಿ ದನದ ಸಂತ್ಯಾಗಿದ್ದೆ,” ಎಂದ. “ಕಂದೆತ್ತು ತಗೊಂಡೆ. ಬಲಗೋಡು ತುಸು ಸಣ್ಣದು.”

ಎತ್ತಿನ ಬಗ್ಗೆ ಅವನನ್ನು ಯಾರೂ ಕೇಳಿರಲಿಲ್ಲ.

ಗೌರಕ್ಕ ಬುತ್ತಿಗಂಟು ಕೆಳಗಿಟ್ಟು ಸೂಕ್ಷ್ಮದರ್ಶಕದ ಮುಂದೆ ಬಂದಳು. ಒಂದು ಕಣ್ಣು ಮುಚ್ಚಲು ಅವಳಿಗೆ ಬರಲಿಲ್ಲ, ಸೆರಗಿನಿಂದ ಮುಚ್ಚಿಕೊಂಡಳು. ಈ ಬಾರಿ ನಾನು ಕಡಿಮೆ ಮಾತಾಡಿದೆ. ಇದು ಸ್ನಾಯು, ಜಮಖಾನೆಯ ಎಳೆಗಳ ಹಾಗೆ ಅಡ್ಡ ಉದ್ದ ಹೆಣೆದುಕೊಂಡಿದೆ, ಕೂಸನ್ನು ಹೊರಗೆ ತಳ್ಳುವ ಬಲ ಇದರದೇ. ಆ ಅಂಚಿನಲ್ಲಿ ಸಾಲಾಗಿ ಕಾಣುವುದು ಒಳಗಿನ ಹೊದಿಕೆ. ಅಷ್ಟೇ ಹೇಳಿದೆ. ಅವಳು ಬಹಳ ಹೊತ್ತು ನೋಡಿದಳು. ಗೋ‍ಡೆಯಾಚೆಯ ಮಂದಿ ಗಲಾಟೆ ನಿಲ್ಲಿಸಿ ಸಾಲಿಗೆ ಮರಳಿದ್ದರು.

“ನಾಕು ಮಂದಿ ಇಲ್ಲಿದ್ರು,” ಎಂದಳು, ಕಣ್ಣು ತೆಗೆಯದೆ. “ಒಬ್ಬಾಕಿ ಇದನ್ನ ಬಿಟ್ಟ ಬ್ಯಾರೆ ಮನಿ ನೋಡ್ಲಿಲ್ಲ.”

ಹುಟ್ಟುವ ಮೊದಲೇ ತೀರಿಹೋದ ಆ ಮಗಳ ಮಾತು ಅವರ ಮನೆಯಲ್ಲಿ ಎಷ್ಟು ವರ್ಷದಿಂದ ಆಡಿರಲಿಲ್ಲವೋ ನನಗೆ ಗೊತ್ತಿಲ್ಲ. ಕುಬೇರಪ್ಪ ಹೊರಗೆ ಹೋದ. ಕಿಟಕಿಯಿಂದ ಕಂಡಿತು, ಚೀಲದ ಮಣ್ಣನ್ನು ಬೇವಿನ ಬುಡಕ್ಕೆ ಸುರಿದು ಕಾಲಿನಿಂದ ಸಮ ಮಾಡುತ್ತಿದ್ದ.

ಗೌರಕ್ಕ ಒಂದೇ ಪ್ರಶ್ನೆ ಕೇಳಿದಳು. ತನ್ನದು ಯಾಕೆ ಇಷ್ಟು ಮಾಸಿದೆ, ಮೇಜಿನ ಮೇಲಿರುವ ಗಂಡನದು ಅಷ್ಟು ನಿಚ್ಚಳ ಇದೆ ಎಂದು. ಹಳತಾದರೆ ಬಣ್ಣ ಹಾರುತ್ತದೆ ಅಕ್ಕಾರ, ಮುಂದಿನ ಗುರುವಾರದೊಳಗೆ ಮತ್ತೆ ಹಾಕಿಕೊಡುತ್ತೇನೆ ಎಂದೆ. ಅವರು ಸಂಜೆಯ ಬಸ್ಸಿಗೆ ಹೋದರು. ವಿಭೂತಿ ಹಚ್ಚಿದ ನಾಲ್ಕು ಗಾಜು ಮೇಜಿನ ಮೇಲೆಯೇ ಉಳಿದವು. ಯಾರಿಗೂ ನೆನಪಾಗಲಿಲ್ಲ.

ಆ ವಾರ ನಾನು ಮಾಡಿದಂಥ ಕೆಲಸವನ್ನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಗೌರಕ್ಕನ ಗಾಜುಗಳಿಗೆ ಮುಚ್ಚಿದ್ದ ತೆಳುಗಾಜು ಕೀಳದೆ ತಾನಾಗಿ ಸರಿದು ಬರಲಿ ಎಂದು ಮೂರು ದಿನ ನೆನೆಹಾಕಿದೆ. ಹಳೆಯ ಬಣ್ಣ ಪೂರ್ತಿ ಇಳಿಸಿದೆ. ಕಿಟಕಿಯಲ್ಲಿ ಹಣ್ಣಾದ ಹೊಸ ಬಾಟಲಿ ಒಡೆದೆ. ನೇರಳೆಗೆ ಅದ್ದಿ, ಬಾವಿಯ ಗಡಸು ನೀರಿನಲ್ಲಿ ಹಿಡಿದಾಗ ಅದು ಕಣ್ಣೆದುರೇ ನೀಲಿಗೆ ತಿರುಗಿತು. ಆಮೇಲೆ ಗುಲಾಬಿ. ನನ್ನ ತಾಯಿ ಮದುವೆಯ ಜಮಖಾನೆಗೆ ನೂಲು ಅದ್ದುವಾಗ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ನಾನೂ ಮಾತಾಡಲಿಲ್ಲ.

ಗುರುವಾರ ಕುಬೇರಪ್ಪ ಒಬ್ಬನೇ ಬಂದ, ಮೊದಲ ಬಸ್ಸಿಗೆ. ನಾನು ಬೀಗ ತೆರೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕುಳಿತಿದ್ದ. ಮೇಜಿನ ಮೇಲೆ ಅವನ ಗಡ್ಡೆಯ ಗಾಜು ಎದುರಿಗೇ ಇದ್ದವು. ಅವುಗಳ ಕಡೆ ನೋಡಲಿಲ್ಲ.

“ಆಕೀದು ಬಣ್ಣಾ ಹಿಡೀತೇನ್ರಿ?” ಎಂದ.

ಹಿಡಿಯಿತು ಎಂದು ತೋರಿಸಿದೆ. ತುದಿಯಿಲ್ಲದ ಕಿರುಬೆರಳಿನ ಕೈಯಿಂದ ಒಂದು ಕಣ್ಣು ಮುಚ್ಚಿಕೊಂಡು ನೋಡಿದ. ನೋಡಿದ ಮೇಲೆ ಆ ಕಣ್ಣನ್ನೂ ಒರೆಸಿಕೊಂಡ. ಆಮೇಲೆ ಹಿತ್ತಾಳೆ ಡಬ್ಬಿ ತೆಗೆದ. ಹುಣಸೆ ಹುಳಿ ಹಾಕಿ ತಿಕ್ಕಿದ್ದ, ಫಳಫಳ ಹೊಳೆಯುತ್ತಿತ್ತು, ಒಳಗೆ ಹೊಸ ಅರಳೆ ಹಾಸಿದ್ದ. ಹಲ್ಲು, ಉಗುರು, ಬೆರಳು ಒಂದೂ ಇರಲಿಲ್ಲ. ಏನಾದವು ಎಂದು ಕೇಳಿದೆ. ಬನ್ನಿಗಿಡದ ಬಾಜು ತನ್ನ ಕಲ್ಲಿನ ಕೆಳಗೆ ಹುಗಿದು, ಅವನ್ನು ಮುಂದೆ ಕಳಿಸಿ ಬಂದೆ ಎಂದ.

ನೂರಾ ಹನ್ನೆರಡನೆಯ ನಂಬರಿನ ನಾಲ್ಕು ಗಾಜನ್ನು ಅರಳೆಯಲ್ಲಿ ಮಲಗಿಸಿದ. ನಾನು ಖಾಲಿಯಾದ ಆ ಖಾನೆಗೆ ಇಡಲು ಆಡಿನ ಗಾಜು ತೆಗೆದೆ. ಏನದು ಎಂದು ಕೇಳಿದ. ಟ್ರಸ್ಟಿನವನ ಎಣಿಕೆ, ನಿಮ್ಮ ಖಾನೆಗೆಂದು ಮಾಡಿಟ್ಟ ಆಡು, ಎಲ್ಲ ಹೇಳಿದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಮೊದಲೇ ಹೇಳಿದೆನಲ್ಲ.

ಅವನು ಮೇಜಿನ ಮೇಲಿದ್ದ ತನ್ನ ನಾಲ್ಕು ಗಾಜನ್ನು, ವಿಭೂತಿ ಹಚ್ಚಿದ್ದನ್ನು, ಎತ್ತಿ ನನ್ನ ಕೈಗಿಟ್ಟ.

“ಆಕೀ ಜಾಗಾದಾಗ ಆಡು ಬ್ಯಾಡ. ಅಲ್ಲಿ ನನ್ನ ಇಡ್ರಿ. ನನ್ನ ಜಾಗಾದಾಗ ಬೇಕಾರ ಆಡು ಕುಂದ್ರಲಿ.”

ಹಾಗೆ ಮಾಡಿದರೆ ನೀವು ಪೂರ್ತಿ ಆಗುವುದಿಲ್ಲವಲ್ಲ, ಅಜ್ಜನ ಹಾಗೆ ಬಾಗಿಲಲ್ಲಿ ನಿಲ್ಲಬೇಕಾದೀತು ಎಂದೆ. ಹೇಳಬಾರದಿತ್ತು. ಆದರೆ ಅವನು ಅದನ್ನು ಯೋಚಿಸಿಯೇ ಬಂದಿದ್ದ.

“ಕುಂಟಕೋತ ಬರ್ತೀನಿ ಬಿಡ್ರಿ. ಬಾಗಲಾ ತಗಿಯೂ ಆಕಿ ಪೂರಾ ಇದ್ರ ಸಾಕು.”

ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಸ್ಸಿಗೆ ಹೋದ. ನಾನು ಅವನನ್ನು ನೂರಾ ಹನ್ನೆರಡನೆಯ ಖಾನೆಯಲ್ಲಿಟ್ಟೆ, ಆಡನ್ನು ಅವನ ಖಾನೆಯಲ್ಲಿಟ್ಟೆ. ಮಾರ್ಚಿನಲ್ಲಿ ಟ್ರಸ್ಟಿನ ಮನುಷ್ಯ ಬಂದು, ಡ್ರಾವರು ಎಳೆದು, ಗಾಜು ಎಣಿಸಿ, ಎಲ್ಲರೂ ಅವರವರ ಜಾಗದಲ್ಲಿ ಇದ್ದಾರೆ ಎಂದು ಬರೆದು ಸಹಿ ಹಾಕಿ ಹೋದ.